ನೀರಿಗಿಳಿದ ಮಂಚಗಳ ಬಗ್ಗೆ ಮಂಡಳಿಯ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

ಸರೋವರ ಸೀಮೆಯ ವನ್ಯಜೀವಿ ಮತ್ತು ಸುಸ್ಥಿರ ಪ್ರವಾಸೋದ್ಯಮ ಮಂಡಳಿಯ ಮೊಹರು ಬಿದ್ದ ತಮ್ಮ ನೋಟಿಸು ನಮ್ಮ ಕಿಸೊಂಗೊ ಊರಿಗೆ ತಲುಪಿದೆ. ಐವರು ಹೆಂಗಸರು ಸೇರಿ ರಾಷ್ಟ್ರೀಯ ಉದ್ಯಾನದೊಳಗೆ, ನೀರಿನ ಅಂಚಿನಲ್ಲಿ, ಅನುಮತಿ ಇಲ್ಲದೆ ಬೇಲಿ ಕಟ್ಟಿ ಮೊಸಳೆಗಳ ಸಹಜ ಸಂಚಾರಕ್ಕೆ ಅಡ್ಡಿ ಮಾಡಿದ್ದೇವೆ ಎಂದು ಅದರಲ್ಲಿ ಬರೆದಿದ್ದೀರಿ. ಆರೋಪ ನಿಜ. ಅಡ್ಡಿ ಮಾಡಲೆಂದೇ ಕಟ್ಟಿದ್ದು. ಮೊಸಳೆಯ ಸಹಜ ಸಂಚಾರ ನನ್ನ ನಾದಿನಿ ಬೀರಾಳ ಬಲಗೈಯವರೆಗೆ ಬಂದಿತ್ತು. ಅದಕ್ಕಿಂತ ಮುಂದೆ ಅದು ಸಂಚರಿಸುವುದು ಬೇಡ ಎಂದು ನಮಗೆ ಅನಿಸಿತು. ಈ ಅನಿಸಿಕೆಗೂ ಮಂಡಳಿಯ ಪೂರ್ವಾನುಮತಿ ಬೇಕಿತ್ತೆಂದು ನಮಗೆ ತಿಳಿದಿರಲಿಲ್ಲ.

ಇದನ್ನು ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ತಮ್ಮ ಕಚೇರಿಗೇ ಮೊದಲು ಬರೆದಿದ್ದೆ. ಉತ್ತರ ಬರಲಿಲ್ಲ, ಕ್ಯಾಲೆಂಡರು ಬಂತು. ಅದರಲ್ಲಿ ಮಾರ್ಚ್ ತಿಂಗಳಿಗೆ ಬಾಯಿ ತೆರೆದ ಮೊಸಳೆಯ ಚಿತ್ರವಿದೆ. ಅದನ್ನೇ ಉತ್ತರವೆಂದು ತಿಳಿಯಬೇಕೋ ಏನೋ.

ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ಎರಡು ಸರೋವರಗಳ ನಡುವಿನ ಕಾಲುವೆಯಲ್ಲಿ ಓಡುವ ಮಂಡಳಿಯ ಪ್ರವಾಸಿ ದೋಣಿಯಲ್ಲಿ ಮೈಕು ಹಿಡಿದು ಮಾತಾಡುತ್ತಿದ್ದವಳು ನಾನು. ಎಡಕ್ಕೆ ನೋಡಿ ನೀರಾನೆಗಳ ಕುಟುಂಬ, ಬಲಕ್ಕೆ ನೋಡಿ ಮೀನುಗಿಡುಗ, ದಯವಿಟ್ಟು ಎಲ್ಲರೂ ಒಂದೇ ಕಡೆಗೆ ಬಾಗಬೇಡಿ, ದೋಣಿ ಮಗುಚುತ್ತದೆ. ನಮ್ಮೂರು ಕಣ್ಣಿಗೆ ಬಿದ್ದ ಕೂಡಲೇ ಮಂಡಳಿ ಬರೆದುಕೊಟ್ಟಿದ್ದ ವಾಕ್ಯವೊಂದನ್ನು ಹೇಳಬೇಕಿತ್ತು: "ಇದು ಪ್ರಕೃತಿಯೊಂದಿಗೆ ಸಾಮರಸ್ಯದಿಂದ ಬದುಕುತ್ತಿರುವ ಸಾಂಪ್ರದಾಯಿಕ ಮೀನುಗಾರ ಸಮುದಾಯ." ನಾನು ಹಾಗೆನ್ನುವ ಹೊತ್ತಿಗೆ ಆ ಸಮುದಾಯದ ಒಬ್ಬ ಸದಸ್ಯ, ಅಂದರೆ ನನ್ನ ಗಂಡ ಮಸೆರೆಕಾ, ನೀರಾನೆ ತುಳಿದು ಚಪ್ಪಟೆ ಮಾಡಿದ ಸೈಕಲ್ಲನ್ನು ದಡದಲ್ಲಿ ಕೂತು ಸುತ್ತಿಗೆಯಿಂದ ನೆಟ್ಟಗೆ ಮಾಡುತ್ತಿದ್ದದ್ದೂ ಉಂಟು.

ಪ್ರಾಣಿಗಳ ಮೇಲೆ ನಮಗೆ ದ್ವೇಷ ಎಂದು ತಮ್ಮ ನೋಟಿಸಿನ ಧಾಟಿ ಹೇಳುತ್ತದೆ. ಇಲ್ಲ. ಉದ್ಯಾನಕ್ಕೆ ಗಡಿ ಎಳೆಯುವ ಮೊದಲೇ ನಾವು ಇಲ್ಲಿದ್ದೆವು, ಅವೂ ಇದ್ದವು. ಸಂಜೆ ನೀರಾನೆಗಳು ನಮ್ಮ ಓಣಿಗೆ ಬರುತ್ತವೆ, ನಾವು ಬಾಗಿಲು ಹಾಕಿಕೊಂಡು ದಾರಿ ಬಿಡುತ್ತೇವೆ. ಚರ್ಚಿನ ಅಂಗಳದ ಹುಲ್ಲು ಕತ್ತರಿಸಲು ನಮ್ಮೂರು ಯಾವತ್ತೂ ಆಳು ಇಟ್ಟಿಲ್ಲ. ದೋಣಿಕಟ್ಟೆಯ ಹತ್ತಿರ ಚಹಾ ಮತ್ತು ಎಣ್ಣೆಯಲ್ಲಿ ಕರಿದ ಮಂಡಾಜಿ ಮಾರುವ ವಿಧವೆ ಕಬುಘೊ ಅಂತೂ ಒಂದು ಮುದಿ ನೀರಾನೆಗೆ ಹೆಸರನ್ನೇ ಇಟ್ಟಿದ್ದಾಳೆ. ಅದು ಎಲ್ಲಿ ಬೇಕೆಂದರಲ್ಲಿ ಅಡ್ಡ ನಿಲ್ಲುತ್ತದೆ, ಯಾರು ಹೇಳಿದರೂ ಕದಲುವುದಿಲ್ಲ, ಮೇಯುವುದು ಬಿಟ್ಟು ಬೇರೆ ಕೆಲಸವಿಲ್ಲ. ಹೆಸರು "ಅಧ್ಯಕ್ಷ". ತಾವು ಅಧಿಕಾರ ವಹಿಸಿಕೊಳ್ಳುವುದಕ್ಕೂ ಮೊದಲೇ ಇಟ್ಟದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನೀರಾನೆಯ ವಿಷಯ ಹಾಗಾದರೆ ಮೊಸಳೆಯ ವಿಷಯ ಬೇರೆ. ಅದು ದಾರಿ ಕೇಳುವುದಿಲ್ಲ, ಬಂದದ್ದನ್ನು ತಿಳಿಸುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ನೀರು ಸೇದುವ ಜಾಗದಲ್ಲಿ, ದಡದಿಂದ ಒಳಕ್ಕೆ, ಅರ್ಧಚಂದ್ರದ ಹಾಗೆ ಜಾಲಿಮರದ ಗೂಟಗಳನ್ನು ಹೂತು ತಂತಿಬಲೆ ಕಟ್ಟಿದ್ದರು. ಬೇಲಿಯೊಳಗೆ ನಮ್ಮ ಕ್ಯಾನುಗಳು, ಬೇಲಿಯಾಚೆ ಅದರ ಸಾಮ್ರಾಜ್ಯ. ಊರಿಗೆ ನಲ್ಲಿ ಇದೆಯಲ್ಲ ಎಂದು ತಾವು ಕೇಳಬಹುದು. ಇದೆ. ತಾವೇ ರಿಬ್ಬನ್ ಕತ್ತರಿಸಿದ್ದೀರಿ. ಅದರ ಮೇಲೆ ದಿನವೂ ಒಂದು ಮಿಂಚುಳ್ಳಿ ಕೂರುತ್ತದೆ, ಪ್ರವಾಸಿಗಳು ಫೋಟೊ ತೆಗೆದುಕೊಳ್ಳುತ್ತಾರೆ. ನಲ್ಲಿಯಿಂದ ಯಾರಿಗೂ ಉಪಯೋಗವಿಲ್ಲ ಎಂದು ನಾನು ಹೇಳುವುದಿಲ್ಲ.

ಹೀಗಿರುವಾಗ ತಮ್ಮ "ಸಹಜ ತೀರ" ಯೋಜನೆ ಬಂತು. ಗುಡ್ಡದ ಮೇಲಿನ ರೆಸಾರ್ಟಿನಲ್ಲಿ ನಮಗೆಲ್ಲ ಸಭೆ ಕರೆದರು. ತಮ್ಮ ವಲಯಾಧಿಕಾರಿ, ಇಸ್ತ್ರಿ ಮಾಡಿದ ಹಸಿರು ಅಂಗಿಯ ತರುಣ, ಪರದೆಯ ಮೇಲೆ ಚಿತ್ರ ಬಿಡುತ್ತಾ ತುಕ್ಕು ಹಿಡಿದ ತಂತಿಬೇಲಿ ಪ್ರವಾಸಿಗಳ ಕಣ್ಣಿಗೆ ಚುಚ್ಚುತ್ತದೆ, ಅವರು ಕಲುಷಿತವಾಗದ ಆಫ್ರಿಕಾವನ್ನು ನೋಡಲು ದೂರದಿಂದ ಬರುತ್ತಾರೆ ಎಂದು ವಿವರಿಸಿದರು. ಕಬುಘೊ ಎದ್ದು ನಿಂತು, ಸಾಹೇಬರಿಗೆ ಸಲ್ಲುವ ಮರ್ಯಾದೆಯಿಂದಲೇ ಸೆಬೊ ಎಂದು ಕರೆದಳು.

"ಸೆಬೊ, ಬೇಲಿ ತೆಗೀತೀರಿ, ಸರಿ. ಮೊಸಳೆಗೆ ಹೇಳಿದೀರಾ?"

"ಅಮ್ಮಾ, ಕೆಣಕದೇ ಇದ್ರೆ ಮೊಸಳೆ ಏನೂ ಮಾಡಲ್ಲ. ಅಧ್ಯಯನ ಆಗಿದೆ ಇದರ ಬಗ್ಗೆ."

"ನಾವೆಲ್ಲಪ್ಪಾ ಕೆಣಕ್ತೀವಿ? ಬಗ್ಗಿ ನೀರು ತುಂಬ್ಕೋತೀವಿ, ಅಷ್ಟೇ."

"ಅದೇ ಅಮ್ಮಾ, ಆ ಬಗ್ಗೋದನ್ನ ಅದು ತಪ್ಪು ತಿಳ್ಕೋಬಹುದು."

"ಹಂಗಾದ್ರೆ ನಿಂತ್ಕೊಂಡೇ ನೀರು ತುಂಬೋದಕ್ಕೆ ಒಂದು ತರಬೇತಿ ಇಡ್ಸಿ. ಊಟ ಕೊಡೋದಾದ್ರೆ ಎಲ್ರೂ ಬರ್ತೀವಿ."

ಎಲ್ಲರೂ ನಕ್ಕರು, ಅಧಿಕಾರಿಯೂ ನಕ್ಕರು. ಊಟ ಚೆನ್ನಾಗಿತ್ತು. ಮರುವಾರ ಟ್ರ್ಯಾಕ್ಟರು ಬಂದು ಗೂಟಗಳನ್ನು ಒಂದೊಂದಾಗಿ ಕಿತ್ತುಕೊಂಡು ಹೋಯಿತು. ಆ ಜಾಗದಲ್ಲಿ "ಮೊಸಳೆಗಳಿಗೆ ತೊಂದರೆ ಕೊಡಬೇಡಿ" ಎಂದು ಇಂಗ್ಲಿಷಿನಲ್ಲಿ ಒಂದು ಬೋರ್ಡು ನೆಟ್ಟರು. ನಮ್ಮೂರಿನ ಮುದುಕಿಯರಿಗೂ ಅದನ್ನು ಓದಲು ಬರುವುದಿಲ್ಲ, ಮೊಸಳೆಗಳಿಗೂ ಬರುವುದಿಲ್ಲ. ಆ ಮಟ್ಟಿಗೆ ಎರಡೂ ಪಕ್ಷಗಳನ್ನು ಮಂಡಳಿ ಸಮಾನವಾಗಿ ಕಂಡಿತು.

ಅದರ ಬೆನ್ನಿಗೇ ರಾಜಧಾನಿಯಿಂದ ಛಾಯಾಗ್ರಾಹಕನೊಬ್ಬ ಬಂದ. ತಮ್ಮ ಹೊಸ ಪ್ರವಾಸಿ ಪುಸ್ತಿಕೆಗೆ ನೀರು ಸೇದುವ ಹೆಣ್ಣುಮಗಳೊಬ್ಬಳ ಚಿತ್ರ ಬೇಕಾಗಿತ್ತು. ಊರಿನಲ್ಲೆಲ್ಲ ಚೆಂದದ ನಗು ಬೀರಾಳದು, ಅವಳನ್ನೇ ಆರಿಸಿದ. ಬೀರಾ ಬಲೆ ಹೆಣೆಯುವವಳು. ಹರಿದ ಬಲೆಯನ್ನು ಅವಳ ಕೈಗೆ ಕೊಟ್ಟರೆ ಎಲ್ಲಿ ಹರಿದಿತ್ತೆಂದು ಬಲೆಯ ಯಜಮಾನನಿಗೇ ಗೊತ್ತಾಗುತ್ತಿರಲಿಲ್ಲ. ಅವಳು ಹಳದಿ ಪ್ಲಾಸ್ಟಿಕ್ ಕ್ಯಾನು ಹಿಡಿದು ಬಂದದ್ದನ್ನು ಕಂಡು ಛಾಯಾಗ್ರಾಹಕನಿಗೆ ದುಃಖವಾಯಿತು. ರೆಸಾರ್ಟಿನ ಹೂವಿನ ಅಲಂಕಾರದಿಂದ ಒಂದು ಮಣ್ಣಿನ ಗಡಿಗೆ ತರಿಸಿದ.

"ಇದನ್ನ ತಲೆ ಮೇಲೆ ಇಟ್ಕೊಳ್ಳಿ, ನಿಮ್ಮಜ್ಜಿ ಇಟ್ಕೋತಿದ್ರಲ್ಲ ಹಾಗೆ."

"ನಮ್ಮಜ್ಜಿ ಗಾಡಿ ಓಡಿಸ್ತಿದ್ಲು ಸೆಬೊ, ಮೀನಿನ ಲಾರಿ," ಎಂದಳು ಬೀರಾ.

ಆದರೂ ಇಟ್ಟುಕೊಂಡಳು. ಬಗ್ಗು ಎಂದಾಗ ಬಗ್ಗಿದಳು, ನಗು ಎಂದಾಗ ನಕ್ಕಳು, ನೀರು ನೋಡು ಎಂದಾಗ ನೀರು ನೋಡಿದಳು. ಗಡಿಗೆ ಕೊನೆಗೆ ಜಾರಿ ಒಡೆಯಿತು. ಅಷ್ಟರಲ್ಲಿ ಅವನಿಗೆ ಬೇಕಾದದ್ದು ಸಿಕ್ಕಿತ್ತು.

ಮುಂದೆ ನಡೆದದ್ದನ್ನು ನಾನು ದೋಣಿಯಿಂದಲೇ ನೋಡಿದೆ. ಬಿಸಿಲು ಇಳಿಮುಖವಾಗಿತ್ತು. ದೋಣಿ ತುಂಬ ಜನ. ಚುಕ್ಕಾಣಿ ಹಿಡಿದವನು ಬಲುಕು. ಈ ಕಾಲುವೆಯಲ್ಲೇ ಬೆಳೆದವನು, ಮಾತು ಕಡಿಮೆ. ನಾನು ಮೈಕಿನಲ್ಲಿ ಸಾಮರಸ್ಯದ ವಾಕ್ಯವನ್ನು ಶುರು ಮಾಡಿದ್ದೆ. ದಡದಲ್ಲಿ ಬೀರಾ ಕ್ಯಾನು ಮುಳುಗಿಸಲು ಬಗ್ಗಿದ್ದು ಕಂಡಿತು. ನೀರು ಸಿಡಿದದ್ದು ಕಂಡಿತು. ಅವಳ ಕೂಗು ಆಮೇಲೆ ಕೇಳಿಸಿತು. ದಡದಲ್ಲಿದ್ದ ಕಬುಘೊ ಮತ್ತು ಇನ್ನಿಬ್ಬರು ಅವಳ ಸೊಂಟಕ್ಕೆ, ಬಟ್ಟೆಗೆ ಜೋತುಬಿದ್ದರು. ಒಂದು ಕಡೆ ಅವರು ಎಳೆಯುತ್ತಿದ್ದರು, ಇನ್ನೊಂದು ಕಡೆ ಅದು. ನನ್ನ ಬಾಯಿಂದ ಬೀರಾಳ ಹೆಸರು ಬಿಟ್ಟು ಬೇರೇನೂ ಹೊರಡಲಿಲ್ಲ, ಅದೂ ಮೈಕಿನಲ್ಲೇ ಕೂಗಿದೆನಂತೆ.

ಬಲುಕು ಹಾರ್ನ್ ಒತ್ತಿ ಹಿಡಿದು ದೋಣಿಯನ್ನು ನೆಟ್ಟಗೆ ದಡಕ್ಕೆ ಬಿಟ್ಟ. ಪ್ರವಾಸಿಗಳು ಒಬ್ಬರ ಮೇಲೊಬ್ಬರು ಬಿದ್ದರು. ದೋಣಿಯ ಮೂತಿ ಮರಳಿಗೆ ಗುದ್ದುವ ಮೊದಲೇ ಅವನು ಹುಟ್ಟುಗೋಲು ಹಿಡಿದು ಸೊಂಟದುದ್ದ ನೀರಿಗೆ ಹಾರಿ ಅದು ಮುರಿಯುವಂತೆ ಮೊಸಳೆಯ ಮುಸುಡಿಗೆ ಬಾರಿಸಿದ. ಮೊಸಳೆ ಬಿಟ್ಟಿತು. ಬಿಡುವಾಗ ಎರಡು ಬೆರಳುಗಳನ್ನು ತಾನೇ ಇಟ್ಟುಕೊಂಡಿತು. ಪ್ರವಾಸಿಗಳಲ್ಲಿ ಒಬ್ಬ ಮುದುಕಿ ತನ್ನ ಕಾಲದಲ್ಲಿ ದಾದಿಯಾಗಿದ್ದವಳಂತೆ. ಕೊರಳಿನ ರೇಷ್ಮೆ ವಸ್ತ್ರ ಬಿಚ್ಚಿ ಬೀರಾಳ ತೋಳಿಗೆ ಬಿಗಿದು ಕಟ್ಟಿದಳು. ಆಕೆ ಇಲ್ಲದಿದ್ದರೆ ಕೈಯೇನು, ಬೀರಾಳೂ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯವರು ಹೇಳಿದರು.

ಈಗ ಬೀರಾಳ ಬಲಗೈ ಇದೆ, ಮಡಚುವುದಿಲ್ಲ. ಬಲೆಯ ದಾರ ಆ ಕೈಯಲ್ಲಿ ನಿಲ್ಲುವುದಿಲ್ಲ.

ತಮ್ಮ ಮಂಡಳಿ ಎರಡು ಸಾಲಿನ ಹೇಳಿಕೆ ಕೊಟ್ಟಿತು: "ಮಾನವ ಮತ್ತು ವನ್ಯಜೀವಿಯ ನಡುವಿನ ವಿಷಾದನೀಯ ಸಂಪರ್ಕ." ಸಂಪರ್ಕ! ದೂರವಾಣಿಯಲ್ಲಿ ಮಾತಾಡಿಕೊಂಡರೇನೋ ಎಂಬಂತೆ. ಅದೇ ಹೇಳಿಕೆಯ ಕೆಳಗೆ ಬಲುಕುವಿನ ಅಮಾನತು. ಸಂರಕ್ಷಿತ ತೀರಕ್ಕೆ ದೋಣಿ ತಾಗಿಸಿದ್ದು, ಹಾರ್ನ್ ಬಾರಿಸಿ ಪ್ರಾಣಿಗಳಿಗೆ ಕಿರಿಕಿರಿ ಮಾಡಿದ್ದು, ಮತ್ತು ಅಳಿವಿನಂಚಿನಲ್ಲಿಲ್ಲದಿದ್ದರೂ ಸಂರಕ್ಷಿತವಾದ ಸರೀಸೃಪದ ಮೇಲೆ ಹಲ್ಲೆ. ಅವನು ಅದನ್ನು ಓದಿ ಮಡಚಿ ಜೇಬಿಗೆ ಹಾಕಿಕೊಂಡು, "ಹುಟ್ಟು ಮುರೀತು ಅಂತ ಬರ್ದಿಲ್ಲವಲ್ಲ, ಪುಣ್ಯ," ಎಂದ.

ನನ್ನ ಕೆಲಸ ಹೋದದ್ದು ಅದರ ಮುಂದಿನ ವಾರ. ದೋಣಿ ನಮ್ಮೂರಿನ ಎದುರು ಬಂದಾಗ ಬರೆದುಕೊಟ್ಟ ವಾಕ್ಯವನ್ನು ಬಿಟ್ಟುಬಿಟ್ಟೆ. "ಎಡಕ್ಕೆ ನೋಡಿ," ಎಂದೆ, "ಅಲ್ಲಿ ಒಂದು ಬೇಲಿ ಇತ್ತು. ನಿಮ್ಮ ಕಣ್ಣಿಗೆ ಚುಚ್ಚುತ್ತೆ ಅಂತ ತೆಗೆದ್ರು. ನನ್ನ ನಾದಿನಿಯ ಕೈಯನ್ನ ಮೊಸಳೆ ಹಿಡೀತು." ಟೋಪಿ ಹಾಕಿಕೊಂಡಿದ್ದ ಒಬ್ಬ ದಪ್ಪ ಮನುಷ್ಯ ಕೇಳಿದ.

"ತೆಗೀರಿ ಅಂತ ಹೇಳಿದ್ದು ಯಾರು?"

"ನೀವೇ ಅಂತೆ."

"ನಾವಾ? ನಮಗೆ ಅಲ್ಲೊಂದು ಬೇಲಿ ಇದ್ದದ್ದೇ ಗೊತ್ತಿಲ್ಲವಲ್ಲಮ್ಮಾ!"

ಅಧ್ಯಕ್ಷರೇ, ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಪ್ರವಾಸಿಗಳು ದೂರು ಕೊಟ್ಟಿರಲಿಲ್ಲ. ಅವರ ಊರುಗಳಲ್ಲಿ ಈಜುಕೊಳಕ್ಕೂ ಬೇಲಿ, ನಾಯಿಗೂ ಬೇಲಿ, ಅವರಿಗೆ ಬೇಲಿಯೇನು ಹೊಸದೇ? ಹಾಗಾದರೆ ಯಾರ ಕಣ್ಣಿಗೆ ಚುಚ್ಚಿತು? ಉತ್ತರ ತಮ್ಮ ಪುಸ್ತಿಕೆ ಅಚ್ಚಾಗಿ ಬಂದಾಗ ಸಿಕ್ಕಿತು. ಮುಖಪುಟದಲ್ಲಿ ಬೀರಾ. ತಲೆಯ ಮೇಲೆ ರೆಸಾರ್ಟಿನ ಗಡಿಗೆ, ಹಿಂದೆ ಬೇಲಿಯಿಲ್ಲದ ಹೊಳೆಯುವ ನೀರು, ಮೇಲೆ ದೊಡ್ಡ ಅಕ್ಷರಗಳಲ್ಲಿ "ಸಾಮರಸ್ಯದ ತೀರ". ಅಂದರೆ ಆ ಒಂದು ಚಿತ್ರ ಚೆನ್ನಾಗಿ ಬರಲೆಂದು ಟ್ರ್ಯಾಕ್ಟರು ಬಂದಿತ್ತು. ನಾನು ಅದನ್ನು ಬೀರಾಳಿಗೆ ತೋರಿಸಬಾರದೆಂದಿದ್ದೆ. ಅವಳೇ ಕಿತ್ತುಕೊಂಡು ನೋಡಿದಳು.

"ಅತ್ತಿಗೆ, ನನ್ನ ಕೈ ಇದ್ರಲ್ಲಿ ಎಷ್ಟು ಚೆನ್ನಾಗಿ ಬಂದಿದೆ ನೋಡು," ಎಂದಳು.

ನಾನು ಹೊರಗೆ ಹೋಗಿ ಅತ್ತೆ. ಅದನ್ನು ಇಲ್ಲಿ ಬರೆಯುವ ಅಗತ್ಯವಿರಲಿಲ್ಲ, ಬರೆದಿದ್ದೇನೆ.

ಈಗ ತಾವು ಕಿವಿಗೊಡಲೇಬೇಕಾದ ಮಾತು. ಬೀರಾ ಆಸ್ಪತ್ರೆಯಲ್ಲಿದ್ದಾಗ ಊರಿನ ಗಂಡಸರು ಅಂಜೂರದ ಮರದ ಕೆಳಗೆ ಸೇರಿದ್ದರು. ಸತ್ತ ಆಡಿಗೆ ವಿಷ ಹಾಕಿ ದಡದುದ್ದಕ್ಕೂ ಇಡುವುದೆಂದು ಮಾತಾಯಿತು. ಮುಂದೆ ನಿಂತವನು ನನ್ನ ಗಂಡನೇ. ಅವನು ಬೀರಾಳ ಅಣ್ಣ. ಅವನ ಕಣ್ಣು ನೋಡಿ ನನಗೇ ಹೆದರಿಕೆಯಾಯಿತು. ವಿಷ ಮೊಸಳೆಯಲ್ಲಿ ನಿಲ್ಲುವುದಿಲ್ಲ ಎಂದು ತಮಗೆ ಗೊತ್ತು. ಹದ್ದು, ಕತ್ತೆಕಿರುಬ, ಸಿಂಹ, ಕೊನೆಗೆ ನಮ್ಮ ನಾಯಿಗಳು. ಆಮೇಲೆ ಬಂದೂಕು ಹಿಡಿದ ಕಾವಲುಗಾರರು. ನಾನು ಬೇಡವೆಂದೆ. "ನೀನು ಮಂಡಳಿಯೋಳು, ಸುಮ್ನಿರು," ಎಂದ ನನ್ನ ಗಂಡ. ನನ್ನ ಕೆಲಸ ಹೋಗಿ ಆಗಲೇ ಕೆಲವು ದಿನ ಆಗಿತ್ತು, ಆದರೂ ಆ ಮಾತು ಚುಚ್ಚಿತು. ಅವನನ್ನು ಬಲವಂತದಿಂದ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಬೀರಾ ಕಣ್ಣು ಮುಚ್ಚಿಕೊಂಡೇ ಅವನ ಮಾತನ್ನೆಲ್ಲ ಕೇಳಿದಳು.

"ಅದಕ್ಕೆ ಹಸಿವಾಗಿತ್ತು ಅಣ್ಣಾ," ಎಂದಳು. "ಬೇಲಿ ಕಿತ್ತೋರಿಗೆ ಏನಾಗಿತ್ತು?"

ಮಸೆರೆಕಾ ಊರಿಗೆ ಮರಳಿ ಮರದ ಕೆಳಗಿದ್ದವರನ್ನೆಲ್ಲ ಮನೆಗೆ ಕಳಿಸಿದ. ವಿಷದ ಮಾತು ಅಲ್ಲಿಗೆ ನಿಂತಿತು. ಈ ಸೀಮೆಯ ಮೊಸಳೆಗಳು ಇವತ್ತು ಬದುಕಿದ್ದರೆ ಅದು ತಮ್ಮ ಬೋರ್ಡಿನಿಂದಲ್ಲ, ಮೊಸಳೆ ಕಚ್ಚಿದ ಹೆಂಗಸಿನ ಒಂದು ಮಾತಿನಿಂದ. ತಮ್ಮ ವಾರ್ಷಿಕ ವರದಿಯ "ಸಮುದಾಯ ಸಹಭಾಗಿತ್ವ" ಎಂಬ ಅಧ್ಯಾಯದಲ್ಲಿ ಇದಕ್ಕೆ ಜಾಗವಿದ್ದರೆ ಸೇರಿಸಿಕೊಳ್ಳಿ.

ನೀರು ಮಾತ್ರ ದಿನವೂ ಬೇಕಲ್ಲ. ಮರ ಕಡಿಯುವ ಹಾಗಿಲ್ಲ, ತಮ್ಮ ಕಾನೂನು. ತಂತಿಬಲೆಗೆ ನಮ್ಮಲ್ಲಿ ಗತಿಯಿಲ್ಲ. ಆಗ ರೆಸಾರ್ಟಿನವರು ಹಳೆಯ ಕಬ್ಬಿಣದ ಮಂಚಗಳನ್ನು ಗುಡ್ಡದ ಹಿಂದೆ ಎಸೆದದ್ದು ಕಬುಘೊಳಿಗೆ ನೆನಪಾಯಿತು. ಆಸ್ಪತ್ರೆಯಿಂದ ಮರಳಿದ್ದ ಬೀರಾಳೂ ಸೇರಿ ನಾವು ಐವರು ಅವನ್ನು ಹೊತ್ತು ತಂದು, ನೀರಿನಲ್ಲಿ ಸಾಲಾಗಿ ನಿಲ್ಲಿಸಿ, ಹಳೆಯ ಬಲೆ ಸುತ್ತಿ, ಕಲ್ಲು ಹೇರಿ ಬೇಲಿ ಮಾಡಿದೆವು. ಪ್ರವಾಸಿಗಳು ಮಲಗಿ ಎದ್ದುಹೋದ ಮಂಚಗಳು. ಪ್ರವಾಸೋದ್ಯಮದ ಲಾಭ ಸ್ಥಳೀಯರಿಗೆ ನೇರವಾಗಿ ತಲುಪಿದ್ದು ನನಗೆ ತಿಳಿದಂತೆ ಅದೊಂದೇ ಸಲ.

ತಮ್ಮ ವಲಯಾಧಿಕಾರಿ ಬಂದರು.

"ನ್ಯಾಬೊ, ಏನಿದು?" ಎಂದು ಕಬುಘೊಳನ್ನು ಮರ್ಯಾದೆಯಿಂದಲೇ ಕೇಳಿದರು.

"ಮಂಚ, ಸೆಬೊ."

"ಅದು ಕಾಣ್ತಿದೆ. ನೀರಲ್ಲಿ ಯಾಕಿದೆ?"

"ಪಾಪ, ಮೊಸಳೆ ದಣಿದಿರುತ್ತೆ. ಮಲಗ್ಲಿ ಅಂತ."

"ತೆಗೀಬೇಕಮ್ಮಾ. ಮೇಲಿಂದ ಆದೇಶ ಇದೆ."

"ಮೇಲಿನೋರಿಗೆ ಹೇಳಿ, ಕೆಳಗೆ ಮೊಸಳೆ ಇದೆ ಅಂತ."

ಅಷ್ಟರಲ್ಲಿ ಅವರ ದೃಷ್ಟಿ ಬೀರಾಳ ಮೇಲೆ ಬಿತ್ತು. ಅವಳು ನೆರಳಿನಲ್ಲಿ ಕೂತು ಎಡಗೈಯಿಂದ ಸಣ್ಣ ಮೀನು ಆರಿಸುತ್ತಿದ್ದಳು. ಎಲ್ಲೋ ನೋಡಿದ ಮುಖ ಎಂಬಂತೆ ಅವರು ಹುಬ್ಬು ಗಂಟಿಕ್ಕಿದರು. "ನಾನೇ ಸೆಬೊ," ಎಂದಳು ಬೀರಾ, "ನಿಮ್ಮ ಪುಸ್ತಕದ ಮೇಲೆ ಇರೋಳು." ಆ ಪುಸ್ತಿಕೆಗಳ ಕಟ್ಟು ಅವರ ಜೀಪಿನ ಹಿಂದಿನ ಸೀಟಿನಲ್ಲೇ ಇತ್ತು. ಅವರು ಟೋಪಿ ತೆಗೆದರು. ಕಬುಘೊ ಕೊಟ್ಟ ಚಹಾ ಕುಡಿದರು, ಮಂಡಾಜಿ ಮುಟ್ಟಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ, "ಸ್ವಲ್ಪ ಗಿಡ್ಡ ಮಾಡಕ್ಕಾಗುತ್ತಾ? ಮುಂದೆ ಜೊಂಡು ನೆಟ್ಟುಬಿಡಿ. ದೋಣಿಯಿಂದ ಕಾಣ್ಬಾರ್ದು, ಅಷ್ಟೇ," ಎಂದು ಹೇಳಿ ಹೊರಟುಹೋದರು. ಒಂದು ಸರ್ಕಾರಿ ಬಾಯಿಂದ ಇಷ್ಟು ಒಳ್ಳೆಯ ಮಾತು ನಾನು ಕೇಳಿರಲಿಲ್ಲ. ಆ ತಪ್ಪಿಗೆ ಅವರನ್ನು ಈಗ ಉತ್ತರದ ಒಣಸೀಮೆಗೆ ವರ್ಗ ಮಾಡಿದ್ದೀರಿ ಎಂದು ಕೇಳಿದೆ. ಇದನ್ನು ಓದಿದರೆ ಅವರಿಗೆ ನಮ್ಮ ನಮಸ್ಕಾರ.

ಜೊಂಡು ನೆಟ್ಟೆವು. ಅದು ಹಬ್ಬಿತು. ಅದರ ತುದಿಗೆ ಗೀಜಗಗಳು ಬಂದು ಗೂಡು ಹೆಣೆದವು. ಈಗ ಮಂಡಳಿಯ ದೋಣಿ ನಮ್ಮ ನೀರಕಟ್ಟೆಯ ಎದುರು ನಿಲ್ಲುತ್ತದೆ. ನನ್ನ ಜಾಗಕ್ಕೆ ಬಂದ ಹುಡುಗಿ ಮೈಕಿನಲ್ಲಿ "ಗೀಜಗಗಳ ಸ್ವಾಭಾವಿಕ ನೆಲೆ" ಎಂದು ತೋರಿಸುತ್ತಾಳೆ, ಜನ ಬಾಗಿ ಬಾಗಿ ಫೋಟೊ ತೆಗೆಯುತ್ತಾರೆ. ತಮ್ಮ ದೋಣಿಯ ಪ್ರಕಾರ ಅದು ನೋಡಲೇಬೇಕಾದ ತಾಣ, ತಮ್ಮ ನೋಟಿಸಿನ ಪ್ರಕಾರ ಕಿತ್ತೊಗೆಯಬೇಕಾದ ಅಪರಾಧ. ದೋಣಿಯ ಇಲಾಖೆಯೂ ನೋಟಿಸಿನ ಇಲಾಖೆಯೂ ಒಂದೇ ಕಟ್ಟಡದಲ್ಲಿವೆ ಎಂದು ಕೇಳಿದ್ದೇನೆ. ನಡುವೆ ಬೇಲಿ ಏನಾದರೂ ಇದೆಯೇ?

ನೋಟಿಸಿನ ಬಗ್ಗೆ ಒಂದು ತಾಂತ್ರಿಕ ತೊಡಕನ್ನೂ ತಮ್ಮ ಗಮನಕ್ಕೆ ತರಬೇಕು. ಆರೋಪಿಗಳ ಹೆಸರುಗಳು ಹೀಗಿವೆ: ಮಸಿಕಾ, ಬೀರಾ, ಕಬುಘೊ, ಮ್ಬಾಂಬು, ಕ್ಯಾಕಿಮ್ವಾ, ಎಲ್ಲರೂ ಕಿಸೊಂಗೊದವರು. ಬರೆದವರು ಈ ಕಡೆಯವರಲ್ಲ ಎಂದು ಕಾಣುತ್ತದೆ. ನಮ್ಮ ಕೊಂಜೊ ಜನರಲ್ಲಿ ಹುಟ್ಟಿದ ಕ್ರಮಕ್ಕೆ ಹೆಸರು. ಮೊದಲ ಮಗಳು ಯಾರ ಮನೆಯಲ್ಲಿ ಹುಟ್ಟಿದರೂ ಮಸಿಕಾ, ಎರಡನೆಯವಳು ಬೀರಾ, ಮೂರನೆಯವಳು ಕಬುಘೊ, ಹೀಗೆ ಮುಂದಕ್ಕೂ; ಗುರುತಿಗೆಂದು ಚರ್ಚಿನಲ್ಲಿ ಇಡುವ ಇನ್ನೊಂದು ಹೆಸರು ನೋಟಿಸಿನಲ್ಲಿಲ್ಲ. ಹೀಗಾಗಿ ತಾವು ಐವರ ಮೇಲಲ್ಲ, ಹೆಚ್ಚುಕಡಿಮೆ ಇಡೀ ಊರಿನ ಹೆಣ್ಣುಮಕ್ಕಳ ಮೇಲೆ ಮೊಕದ್ದಮೆ ಹೂಡಿದ್ದೀರಿ. ಕಾನೂನಿಗೆ ಗೌರವ ಕೊಡುವವರು ನಾವು. ವಿಚಾರಣೆಯ ದಿನ ಕರೆದ ಹೆಸರಿನವರೆಲ್ಲ ಬರುತ್ತೇವೆ, ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು, ಬುಂಡು ಮುದ್ದೆ ಮತ್ತು ಹುರಿದ ಮೀನು ಗಂಟು ಕಟ್ಟಿಕೊಂಡು. ಬಲುಕು ಉಚಿತವಾಗಿ ದೋಣಿ ಬಿಡುತ್ತೇನೆ ಎಂದಿದ್ದಾನೆ, ಅವನಿಗೀಗ ಬೇಕಾದಷ್ಟು ಬಿಡುವಿದೆ. ನ್ಯಾಯಾಲಯದಲ್ಲಿ ಬೆಂಚುಗಳು ಸಾಲದಿದ್ದರೆ ಅದರ ಹೊಣೆ ಮಂಡಳಿಯದು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಮೊಕದ್ದಮೆ ಹಿಂದಕ್ಕೆ ತೆಗೆದುಕೊಳ್ಳಿ. ಬಲುಕುವನ್ನು ಚುಕ್ಕಾಣಿಗೆ ಮರಳಿಸಿ. ಒಬ್ಬ ಹೆಂಗಸನ್ನು ಉಳಿಸಲು ಎಷ್ಟು ಸಲ ಹಾರ್ನ್ ಬಾರಿಸಬಹುದೆಂದು ತಮ್ಮ ನಿಯಮಪುಸ್ತಕದಲ್ಲಿ ಬರೆಯಿಸಿ. ಪುಸ್ತಿಕೆಯ ಮುಖಪುಟ ಹಾಗೇ ಇರಲಿ ಎಂದು ಬೀರಾ ಹೇಳುತ್ತಾಳೆ, ಅದರ ಬಗ್ಗೆ ನನಗೂ ಅವಳಿಗೂ ಇನ್ನೂ ಜಗಳ ನಡೆದಿದೆ. ನನ್ನ ಕೆಲಸದ ವಿಷಯ ಬಿಡಿ. ಮೈಕು ಇಲ್ಲದೆಯೂ ನನ್ನ ದನಿ ದೂರ ಹೋಗುತ್ತದೆ ಎಂದು ತಮಗೀಗ ಗೊತ್ತಾಗಿರಬೇಕು.

ಈ ಪತ್ರ ಮುಗಿಸುವ ಮುಂಚೆ ಬೀರಾಳನ್ನು ಕೇಳಿದೆ, ನಿನ್ನ ಕಡೆಯಿಂದ ಏನು ಬರೆಯಲಿ, ಪರಿಹಾರ ಕೇಳಲೇ, ಕ್ಷಮೆ ಕೇಳಿಸಲೇ ಎಂದು. ಅವಳು ಅಂಗಳದಲ್ಲಿ ಕೂತು ಬಲೆಯ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ಗಂಟು ಹಾಕುವುದನ್ನು ಕಲಿಯುತ್ತಿದ್ದಳು. ಗಂಟು ಮತ್ತೆ ಮತ್ತೆ ಜಾರುತ್ತಿತ್ತು. ತಲೆ ಎತ್ತದೆಯೇ ಹೇಳಿದಳು.

"ನೀರು ತರೋಕೆ ನಾಳೇನೂ ನಾನೇ ಹೋಗ್ಬೇಕು, ಅತ್ತಿಗೆ. ಈ ಕೈನಾದ್ರೂ ಬಿಡಿ ಅಂತ ಬರಿ."

ಇಂತಿ,
ಮೊಸಳೆಗಳ ಸಂಚಾರಕ್ಕೆ ತಿಳಿದೂ ತಿಳಿದೂ ಅಡ್ಡಿಯಾದ,
ಕಿಸೊಂಗೊದ ಅನೇಕ ಕ್ಯಾಕಿಮ್ವಾಗಳಲ್ಲಿ ಒಬ್ಬಳು,
ಜೋಲೆಸ್ಸಿ
(ತಮ್ಮ ದೋಣಿಯ ಮಾಜಿ ದನಿ)